ಬಸರೂರಿನ ಬಂದರವೂ ಶಿಸ್ತಿನ ಶಿವಪ್ಪನಾಯಕನೂ

ಕುಂದಾಪುರದ ಸೀಮೆಯಲ್ಲಿ ಬಸರೂರೆಂಬುದು ಈಗ ಒಂದು ಶಾಂತವಾದ ಗ್ರಾಮ. ವಾರಾಹಿ ಹೊಳೆಯ ದಡ, ಕೆಲವು ಪುರಾತನ ದೇವಾಲಯಗಳು, ತೆಂಗಿನ ತೋಟಗಳು, ಅಲ್ಲಲ್ಲಿ ಶಾಸನದ ಕಲ್ಲುಗಳು. ಹಾದುಹೋಗುವವನ ಕಣ್ಣಿಗೆ ಬೀಳುವುದು ಇಷ್ಟೆ. ಕೊಲ್ಲೂರಿಗೆ ಶ್ರೀ ಮೂಕಾಂಬಿಕೆಯ ದರ್ಶನಕ್ಕೆಂದು ಬರುವ ಅಸಂಖ್ಯ ಯಾತ್ರಿಕರಲ್ಲಿ ಇದರ ಹೆಸರನ್ನು ಬಲ್ಲವರು ವಿರಳ. ಆದರೂ ಒಂದು ಕಾಲದಲ್ಲಿ ಗೋವೆಯ ಪೋರ್ಚುಗೀಜರು ಉಣ್ಣುವ ಅನ್ನವು ಈ ಊರಿನ ಹಡಗುಕಟ್ಟೆಯನ್ನು ನಂಬಿಕೊಂಡಿದ್ದಿತು. ಆ ಕಟ್ಟೆಯನ್ನು ಪರರ ಹಿಡಿತದಿಂದ ಬಿಡಿಸಿದ ಕೆಳದಿಯ ಶಿವಪ್ಪನಾಯಕನ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡಬೇಕೆಂದು ನಾವು ಬಯಸುತ್ತೇವೆ. ಅವನ ಗೆಲವುಗಳನ್ನು ಹೊಗಳುವವರು ಹಲವರಿದ್ದಾರೆ. ಅವನ ಲೆಕ್ಕದ ಕಡತಕ್ಕೆ ಸಲ್ಲಬೇಕಾದ ಮರ್ಯಾದೆಯು ಇನ್ನೂ ಸಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ಊರಿನ ಮಾತು. ವಿಜಯನಗರದ ಅರಸರ ಕಾಲದಲ್ಲಿ ಬಸರೂರು ಬಾರಕೂರು ರಾಜ್ಯಕ್ಕೆ ಸೇರಿದ್ದಿತು. ಅರಸನ ಅಧಿಕಾರಿಯು ಬಾರಕೂರಿನಲ್ಲಿದ್ದರೂ ಪೇಟೆಯ ಆಗುಹೋಗುಗಳನ್ನು ನೋಡುತ್ತಿದ್ದವರು ಮೂಡಕೇರಿ ಮತ್ತು ಪಡುವಕೇರಿಯ ಹಲರೂ ಸೆಟ್ಟಿಕಾರರೂ ಎಂಬುದಕ್ಕೆ ಅಲ್ಲಿಯ ಶಾಸನಗಳೇ ಸಾಕ್ಷಿ. ಗದ್ದೆಗಳ ಅಕ್ಕಿಯು ಮುಡಿಕಟ್ಟಿ ದೋಣಿಯೇರುತ್ತಿದ್ದಿತು. ಮಲೆನಾಡಿನ ಮೆಣಸು ಎತ್ತುಗಳ ಹೇರಿನಲ್ಲಿ ಘಾಟಿಯಿಳಿದು ಬರುತ್ತಿದ್ದಿತು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಗಂಗೊಳ್ಳಿಯ ಬಳಿ ಕೂಡಿ ಕಡಲನ್ನು ಸೇರುವುದರಿಂದ ಇಡೀ ಸೀಮೆಯ ಸರಕಿಗೆ ಅದೊಂದೇ ಬಾಗಿಲು. ೧೫೬೫ರಲ್ಲಿ ವಿಜಯನಗರವು ಮುರಿದುಬಿದ್ದ ಮೇಲೆ ಪೋರ್ಚುಗೀಜರು ಕಾಲವಿಳಂಬ ಮಾಡಲಿಲ್ಲ. ೧೫೬೯ರಲ್ಲಿ ಹೊನ್ನಾವರವನ್ನೂ ಬಸರೂರನ್ನೂ ಹಿಡಿದು ಕೋಟೆ ಕಟ್ಟಿದರು. ಮುಂದೆ ಗಂಗೊಳ್ಳಿಯಲ್ಲಿಯೂ ಇನ್ನೊಂದನ್ನು ಎಬ್ಬಿಸಿದರು. ಅವರ ರಹದಾರಿಯ ಚೀಟಿಯಿಲ್ಲದೆ ನಮ್ಮವರ ಹಡಗು ಹಾಯಿ ಬಿಚ್ಚುವಂತಿರಲಿಲ್ಲ. ಬೆಳೆ ನಮ್ಮದು, ಬಾಗಿಲ ಬೀಗದ ಕೈ ಮಾತ್ರ ಅವರದು, ಎಂಬಂತಾಯಿತು.

ಶಿವಪ್ಪನಾಯಕನು ೧೬೪೫ರಲ್ಲಿ ವೀರಭದ್ರನಾಯಕನ ತರುವಾಯ ಪಟ್ಟವೇರಿದನು. ಅವನಿಗೆ ದೊರೆತ ರಾಜ್ಯವು ನೆಮ್ಮದಿಯದಾಗಿರಲಿಲ್ಲ. ೧೬೩೭ರಲ್ಲಿ ಬಿಜಾಪುರದ ಸೇನೆಯು ಇಕ್ಕೇರಿಯನ್ನು ಸೂರೆಗೊಂಡುದರಿಂದ ರಾಜಧಾನಿಯನ್ನು ಕಾಡಿನ ನಡುವಣ ಬಿದನೂರಿಗೆ ಒಯ್ಯಬೇಕಾಗಿದ್ದಿತು. ಈಗ ನಗರವೆಂದು ಕರೆಯಲ್ಪಡುವ ಊರೇ ಅದು. ಈ ಸ್ಥಳಾಂತರವು ಕರಾವಳಿಗೆ ಒಳಿತನ್ನೇ ಮಾಡಿತು. ಬಿದನೂರಿನಿಂದ ಕೊಲ್ಲೂರು ಘಾಟಿ, ಹೊಸಂಗಡಿ ಘಾಟಿಗಳನ್ನು ಇಳಿದರೆ ಕುಂದಾಪುರದ ಬಯಲು. ಕೆಳದಿಯ ಮನೆತನದವರು ಮೂಕಾಂಬಿಕೆಯ ಭಕ್ತರಾಗಿ ದೇವಾಲಯಕ್ಕೆ ಬಿಟ್ಟ ಉಂಬಳಿ ಕಾಣಿಕೆಗಳು ಪ್ರಸಿದ್ಧವಾಗಿವೆ. ದೇವಿಯ ಸನ್ನಿಧಿಯು ಹೀಗೆ ಮಲೆನಾಡಿಗೂ ಕಡಲಿಗೂ ನಡುವಣ ತಂಗುದಾಣವೂ ಆಯಿತು.

ಕಾಲವನ್ನು ಅರಿತು ನಡೆಯುವ ಗುಣವು ಈ ಅರಸನಲ್ಲಿ ವಿಶೇಷವಾಗಿದ್ದಿತು. ಪೋರ್ಚುಗೀಜರು ೧೬೪೧ರಲ್ಲಿ ಮಲಾಕವನ್ನು ಡಚ್ಚರಿಗೂ, ೧೬೫೦ರಲ್ಲಿ ಮಸ್ಕತವನ್ನು ಓಮಾನಿನ ಅರಬರಿಗೂ ಕಳೆದುಕೊಂಡರು. ೧೬೫೨ರಲ್ಲಿ ಸಿಂಹಳದಲ್ಲಿ ಡಚ್ಚರೊಡನೆ ಯುದ್ಧವು ಮತ್ತೆ ಹೊತ್ತಿಕೊಂಡಿತು. ಗೋವೆಯಿಂದ ಕನ್ನಡ ಕರಾವಳಿಗೆ ಸಹಾಯ ಬರಲಾರದ ಆ ಗಳಿಗೆಯಲ್ಲಿ ಶಿವಪ್ಪನಾಯಕನು ತನ್ನ ದಂಡನ್ನು ಘಾಟಿಯಿಳಿಸಿದನು. ೧೬೫೨ರಿಂದ ೧೬೫೪ರ ಒಳಗೆ ಮಂಗಳೂರು, ಬಸರೂರು, ಗಂಗೊಳ್ಳಿ, ಹೊನ್ನಾವರ ಇವೆಲ್ಲವೂ ಅವನ ಕೈಸೇರಿದವು. ಎಂಬತ್ತು ವರ್ಷಗಳಿಗೂ ಮೀರಿ ಬಸರೂರಿನ ಮೇಲಿದ್ದ ಪರಾಧಿಕಾರವು ಕೊನೆಗಂಡಿತು. ತೆಂಕಣದಲ್ಲಿ ಅವನ ಸೇನೆಯು ನೀಲೇಶ್ವರದವರೆಗೆ ಹೋಯಿತು. ಕಾಸರಗೋಡಿನ ಸೀಮೆಯ ಬೇಕಲ, ಚಂದ್ರಗಿರಿ ಕೋಟೆಗಳನ್ನು ಜನರು ಇಂದಿಗೂ ಅವನ ಹೆಸರಿನೊಡನೆ ನೆನೆಯುತ್ತಾರೆ. ನೆಲೆಗೆಟ್ಟ ವಿಜಯನಗರದ ಅರಸ ಶ್ರೀರಂಗರಾಯನಿಗೆ ಆಶ್ರಯವಿತ್ತುದೂ, ಶ್ರೀರಂಗಪಟ್ಟಣವನ್ನು ಮುತ್ತಿ ಕೈಗೂಡದೆ ಹಿಂದಿರುಗಿದುದೂ ಅವನ ಕಡೆಯ ವರ್ಷಗಳ ಸಂಗತಿಗಳು. ೧೬೬೦ರಲ್ಲಿ ಅವನು ಕಾಲವಶನಾದನು.

ಇಷ್ಟೇ ಆಗಿದ್ದರೆ ಅವನು ಹಲವು ವೀರರಲ್ಲಿ ಒಬ್ಬನೆನಿಸುತ್ತಿದ್ದನು. ಆದರೆ ಜನರು ಅವನಿಗೆ ಕೊಟ್ಟ ಬಿರುದು ಗೆಲವಿನದಲ್ಲ, ಶಿಸ್ತಿನ ಶಿವಪ್ಪನಾಯಕನೆಂಬುದು. ಶಿಸ್ತು ಎಂದರೆ ಇಲ್ಲಿ ನಡೆನುಡಿಯ ಕಟ್ಟುಪಾಡಲ್ಲ, ಭೂಮಿಯ ಮೇಲಣ ಕಂದಾಯದ ನಿರ್ಣಯ. ಅವನು ಸಾಗುವಳಿಯ ನೆಲವನ್ನು ಮಣ್ಣಿನ ಗುಣ, ನೀರಿನ ಅನುಕೂಲ ಇವುಗಳನ್ನು ನೋಡಿ ಐದು ತರಗತಿಗಳಾಗಿ ವಿಂಗಡಿಸಿದನು. ಬಿತ್ತನೆಯ ಖಂಡುಗವನ್ನು ಅಳತೆಯಾಗಿಟ್ಟು, ತರಗತಿಗೆ ತಕ್ಕ ಹುಟ್ಟುವಳಿಯನ್ನು ಗೊತ್ತುಮಾಡಿ, ಅದರ ಮೂರರಲ್ಲೊಂದು ಪಾಲನ್ನು ಅರಮನೆಗೆ ನಿಗದಿಮಾಡಿದನು. ಬೈಲು, ಮಜಲು, ಬೆಟ್ಟುಗಳ ಭೇದವನ್ನು ಬಲ್ಲ ನಮ್ಮ ಕರಾವಳಿಯ ಒಕ್ಕಲಿಗೆ ಇದರ ನ್ಯಾಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಅಡಕೆಯ ತೋಟಗಳನ್ನು ಅಳೆಯುವ ಕೋಲಿಗೆ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲನ್ನೇ ಪ್ರಮಾಣವಾಗಿಟ್ಟುಕೊಂಡನು. ಶಾನುಭೋಗನ ಕೈಯಲ್ಲಿ ಹಿಗ್ಗಿ ಕುಗ್ಗುವ ಕೋಲಿಗೂ ದೇವರೆದುರಿನ ಕಲ್ಲಿನಿಂದ ತೆಗೆದ ಕೋಲಿಗೂ ಇರುವ ಅಂತರವನ್ನು ನಮ್ಮ ವಾಚಕರಲ್ಲಿ ಅಧಿಕಾರಿಗಳಾದವರು ಚೆನ್ನಾಗಿ ಊಹಿಸಬಲ್ಲರು.

ಈ ಕಂದಾಯವು ಹಗುರವಾಗಿದ್ದಿತೆಂದು ನಾವು ಹೇಳುವುದಿಲ್ಲ. ಕರಾವಳಿಯ ಹಳೆಯ ತೆರಿಗೆಯ ಮೇಲೆ ಬಿದನೂರಿನವರು ೧೬೧೮ರಲ್ಲಿಯೇ ಅರ್ಧದಷ್ಟನ್ನು ಏರಿಸಿದ್ದರೆಂದು, ಹಳೆಯ ಕಡತಗಳನ್ನು ಶೋಧಿಸಿದ ಕಲೆಕ್ಟರ್ ಥಾಮಸ್ ಮನ್ರೋ ೧೮೦೦ರಲ್ಲಿ ಬರೆದಿಟ್ಟಿದ್ದಾನೆ. ಶಿಸ್ತಿನ ಹಿರಿಮೆಯು ಹಗುರತನದಲ್ಲಿಲ್ಲ, ನಿಶ್ಚಯದಲ್ಲಿದೆ. ತಾನು ಕೊಡಬೇಕಾದುದೆಷ್ಟೆಂದು ಮೊದಲೇ ತಿಳಿದ ಒಕ್ಕಲು ಮಿಕ್ಕುದನ್ನು ಧೈರ್ಯವಾಗಿ ಮಾರುತ್ತಾನೆ. ಮಾರುವವನುಂಟೆಂದು ತಿಳಿದ ವರ್ತಕನು ಹಡಗನ್ನು ಕರೆಸುತ್ತಾನೆ. ಬಸರೂರಿನ ಪೇಟೆಗೆ ಕೋಟೆಯ ಗೋಡೆ ಎಷ್ಟು ಬೇಕಾಗಿದ್ದಿತೋ ಈ ನಿಶ್ಚಯವೂ ಅಷ್ಟೇ ಬೇಕಾಗಿದ್ದಿತು. ೧೭೬೩ರಲ್ಲಿ ಬಿದನೂರು ಹೈದರಾಲಿಗೆ ವಶವಾದ ಮೇಲೆ ಏರಿದ ಹೆಚ್ಚುವರಿಗೆ ಶಾಮಿಲು ಎಂಬ ಬೇರೆ ಹೆಸರೇ ಬಂದಿತು. ಕಂಪೆನಿಯ ಕಡತಗಳಲ್ಲಿಯೂ ಶಿಸ್ತು, ಶಾಮಿಲು ಎಂಬ ಎರಡು ಬಾಬುಗಳು ಉಳಿದುಕೊಂಡವು. ಅರಸನು ಹೋದನು, ಅರಸುತನವೂ ಹೋಯಿತು. ಅವನ ಲೆಕ್ಕವನ್ನು ಮಾತ್ರ ಅವನ ತರುವಾಯ ಬಂದವರು ಅಳಿಸಲಾರದೆ ಹೋದರು.

ಒಂದು ಕೊರತೆಯನ್ನು ಮರೆಮಾಡುವುದು ಚರಿತ್ರೆಗೆ ಅಪಚಾರವಾದೀತು. ಶಿವಪ್ಪನಾಯಕನು ಕಡಲ ದಡವನ್ನು ಗೆದ್ದನು, ಕಡಲನ್ನು ಗೆಲ್ಲಲಿಲ್ಲ. ಅವನು ತೀರಿಕೊಂಡು ಐದು ವರ್ಷಗಳಾಗುವಷ್ಟರಲ್ಲಿ, ೧೬೬೫ರ ಫೆಬ್ರವರಿಯಲ್ಲಿ, ಶಿವಾಜಿ ಮಹಾರಾಜನು ಸುಮಾರು ೮೫ ಹಡಗುಗಳೊಡನೆ ಮಾಲವಣದ ಕಡೆಯಿಂದ ಬಂದು ಬಸರೂರನ್ನು ಸೂರೆಮಾಡಿ ಗೋಕರ್ಣದ ಮಾರ್ಗವಾಗಿ ಹಿಂದಿರುಗಿದನು. ಆ ಮಹಾಪುರುಷನ ಮೇಲೆ ನಮಗಿರುವ ಗೌರವವು ಬಸರೂರಿನ ವರ್ತಕರಿಗಾದ ನಷ್ಟವನ್ನು ಇಲ್ಲವೆನಿಸಲಾರದು. ಪೇಟೆಯು ಎಷ್ಟು ಸಂಪನ್ನವಾಗಿದ್ದಿತೆಂಬುದನ್ನೂ ಅದಕ್ಕೆ ಕಡಲ ಕಾವಲು ಎಷ್ಟು ಅಲ್ಪವಾಗಿದ್ದಿತೆಂಬುದನ್ನೂ ಆ ಒಂದೇ ಪ್ರಸಂಗವು ತೋರಿಸಿಕೊಟ್ಟಿತು. ನೆಲವನ್ನು ಅಂಗುಲ ಅಂಗುಲವಾಗಿ ಅಳೆಯಿಸಿದ ಅರಸುಮನೆತನವು ನೀರಿನ ಮೇಲೆ ತನ್ನ ಬಲವೆಷ್ಟೆಂಬುದನ್ನು ಅಳೆದು ನೋಡಲಿಲ್ಲ.

ಮುಂದೆ ವ್ಯಾಪಾರವು ಬೇರೆ ಬಂದರಗಳಿಗೆ ಸರಿಯಿತು. ಕಂಪೆನಿಯ ಆಳಿಕೆಯಲ್ಲಿ ಕುಂದಾಪುರವು ತಾಲೂಕಿನ ಮುಖ್ಯಸ್ಥಳವಾಗಿ ಬೆಳೆಯಿತು, ಬಸರೂರು ಗ್ರಾಮವಾಗಿ ಉಳಿಯಿತು. ಇಂದು ಕೊಲ್ಲೂರು ಬೈಂದೂರಿನ ತಾಲೂಕಿಗೂ ಬಸರೂರು ಕುಂದಾಪುರದ ತಾಲೂಕಿಗೂ ಸೇರಿವೆ. ಘಾಟಿಯನ್ನೂ ಕಡಲನ್ನೂ ಒಂದಾಗಿ ಕಂಡ ಆ ದೃಷ್ಟಿಯು ನಕ್ಷೆಯ ಗೆರೆಗಳಲ್ಲಿ ಮರೆತುಹೋಗದಿರಲಿ. ಆಳುವವರು ಯಾರೇ ಆಗಲಿ, ಪ್ರಜೆಯ ಮನೆಯಿಂದ ಕೇಳುವ ಮುನ್ನ ಅವನ ಹೊಲವನ್ನು ತಿಳಿಯಬೇಕು, ಕೇಳುವುದನ್ನು ಮೊದಲೇ ಗೊತ್ತುಮಾಡಿ ಹೇಳಬೇಕು, ಹೇಳಿದುದಕ್ಕೆ ಕಲ್ಲಿನಂತೆ ನಿಲ್ಲಬೇಕು. ಶಿವಪ್ಪನಾಯಕನು ಬಿಟ್ಟುಹೋದ ಆಸ್ತಿ ಇದು. ಬಸರೂರಿನ ಶಾಸನಗಳು ಮಳೆಗಾಳಿಗೆ ಸವೆಯುವ ಮೊದಲು ಅವುಗಳ ರಕ್ಷಣೆಯ ಏರ್ಪಾಡನ್ನು ಸೀಮೆಯ ಪೌರರು ವಹಿಸಿಕೊಂಡರೆ, ಈ ಅರಸನಿಗೆ ಸಲ್ಲಬೇಕಾದ ಋಣದಲ್ಲಿ ಒಂದು ಕಂತಾದರೂ ತೀರೀತು.