ಹೂವಿನ ಒಳಗನ್ನು ಓದಿದ ಸ್ವಾಮಿಯವರು

ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿ ನಗದ ಕನ್ನಡಿಗರುಂಟೆ? ಊರು ಬಿಟ್ಟು ಗುರುಗ್ರಾಮ ಸೇರಿದ ನಮ್ಮಲ್ಲಿ ಹಲವರ ಪೆಟ್ಟಿಗೆಯಲ್ಲಿ ಆ ಪುಸ್ತಕವೂ ಬಂದಿತು. 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೇ ದೊರೆಯಿತು. ಆದರೆ ನಮ್ಮನ್ನು ನಗಿಸಿದ ಆ ಮಹನೀಯರು ಸೂಕ್ಷ್ಮದರ್ಶಕದಲ್ಲಿ ಏನನ್ನು ಕಂಡರೆಂಬುದನ್ನು ಬಲ್ಲವರು ವಿರಳ.

ಡಿ.ವಿ.ಜಿ.ಯವರ ಪುತ್ರರಾಗಿ 1918ರಲ್ಲಿ ಹುಟ್ಟಿದ ಸ್ವಾಮಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಪಡೆದು, ಹಾರ್ವರ್ಡಿಗೆ ಹೋಗಿ ಇರ್ವಿಂಗ್ ಬೈಲಿಯವರ ಜೊತೆಗೂಡಿದರು.

ಯಾವ ಗಿಡ ಯಾವುದಕ್ಕೆ ನೆಂಟ? ಹೂವಿನ ಬಣ್ಣ, ಗಾತ್ರಗಳನ್ನು ನಂಬಿದರೆ ಮೋಸವೇ. ಒಳಗಿನ ರಚನೆಯನ್ನೂ ಪರಾಗವನ್ನೂ ನೋಡಬೇಕು. ನಮ್ಮ ಸಂಪಿಗೆಯ ಎಸಳುಗಳನ್ನು ಬಿಡಿಸಿದರೆ ನಡುವೆ ಒಂದು ಕಡ್ಡಿ. ಅದರ ಸುತ್ತ ಒಂದಕ್ಕೊಂದು ಅಂಟಿಕೊಳ್ಳದ ಪುಟ್ಟ ಪುಟ್ಟ ಅಂಡಕೋಶಗಳು. ಇದು ಹಳೆಯ ಮನೆತನದ ಲಕ್ಷಣ. ಸಂಪಿಗೆಯ ದೂರದ ನೆಂಟ, ಫಿಜಿ ದ್ವೀಪದ ಡಿಜನೇರಿಯಾ ಮರದಲ್ಲಿ ಇನ್ನೂ ಸೋಜಿಗ. ಅದರ ಅಂಡಕೋಶ ನಡುನರದ ಗುಂಟ ಮಡಿಸಿದ ವೀಳ್ಯದೆಲೆಯಂತೆ. ಹೂ ಅರಳಿದಾಗಲೂ ಅಂಚುಗಳು ಕೂಡಿಕೊಂಡಿರುವುದಿಲ್ಲ. ಅಂಚಿನ ರೋಮಗಳ ನಡುವೆ ಪರಾಗದ ನಳಿಗೆ ನುಸುಳಿ ಒಳಹೋಗುತ್ತದೆ. ಪರಾಗದ ಕಣಕ್ಕೆ ಒಂದೇ ಗೀರು. ದ್ವಿದಳ ಸಸ್ಯಗಳಲ್ಲಿ ಹೆಚ್ಚಿನವಕ್ಕೆ ಮೂರು. ಇಂಥ ಹೂಗಳನ್ನು ಒಂದೊಂದಾಗಿ ತೆಳ್ಳಗೆ ಸೀಳಿ ನೋಡಿ, ಮಡಿಸಿದ ಎಲೆಯಂಥ ಈ ಅಂಡಕೋಶವೇ ಮೂಲರೂಪ, ಅಂಚುಗಳು ಬೆಸೆದುಕೊಂಡದ್ದು ಆಮೇಲೆ ಎಂದು ಬೈಲಿ ಮತ್ತು ಸ್ವಾಮಿ 1951ರಲ್ಲಿ ವಾದಿಸಿದರು. ವಾದಕ್ಕೆ ಪ್ರತಿವಾದಗಳೂ ಬಂದವೆನ್ನಿ. ಆದರೂ ಹೂವಿನ ಉಗಮವನ್ನು ಓದುವವರು ಆ ಲೇಖನವನ್ನು ದಾಟಿಕೊಂಡೇ ಹೋಗಬೇಕಾಯಿತು.

1953ರಲ್ಲಿ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು, ಮುಂದೆ ಪ್ರಾಂಶುಪಾಲರೂ ಆದರು. ಮನೆಯ ಹೊರಗೆಲ್ಲ ತಮಿಳು, ತರಗತಿಯಲ್ಲಿ ಇಂಗ್ಲಿಷು. ಬರೆದದ್ದು ಮಾತ್ರ ಕನ್ನಡದಲ್ಲಿ! ನಮ್ಮಂಥ ಹೊರನಾಡಿಗರಿಗೆ ಅವರು ಹತ್ತಿರದವರೆನಿಸುವುದು ಇದರಿಂದಲೇ. 1980ರಲ್ಲಿ ಅವರು ತೀರಿಕೊಂಡರು.

ಒಂದು ಮಾತು ಉಳಿಯಿತು. ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಮಾತ್ರ ಬೆಳೆಯುವ ಆಂಬೊರೆಲ್ಲಾ ಎಂಬ ಪೊದೆಯನ್ನು ಬೈಲಿ ಮತ್ತು ಸ್ವಾಮಿ 1948ರಲ್ಲಿ ಪರೀಕ್ಷಿಸಿ, ಮಿಕ್ಕ ಹೂಗಿಡಗಳಲ್ಲಿ ಸಾಮಾನ್ಯವಾಗಿರುವ ನೀರಿನ ಕೊಳವೆಗಳು ಅದರ ಕಟ್ಟಿಗೆಯಲ್ಲಿಲ್ಲವೆಂದೂ ಅದು ಹೊಸ ಬಗೆಯದೆಂದೂ ತಿಳಿಸಿದ್ದರು. 1999ರಲ್ಲಿ ವಿಜ್ಞಾನಿಗಳು ಡಿ.ಎನ್.ಎ. ಹೋಲಿಸಿ ನೋಡಿದಾಗ, ಹೂಗಿಡಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆಯ ತುದಿಯಲ್ಲಿ ಕಂಡದ್ದು ಅದೇ ಪೊದೆ. ಸ್ವಾಮಿಯವರು ಅಷ್ಟು ದೂರ ಹೇಳಿರಲಿಲ್ಲ. ಹೇಳಿದರೆಂದು ನಾವು ಸೇರಿಸುವುದೂ ಬೇಡ. ಅರ್ಧ ಶತಮಾನ ಮೊದಲೇ ಅದನ್ನು ಬಿಚ್ಚಿ ನೋಡಿದ ಇಬ್ಬರಲ್ಲಿ ಒಬ್ಬರು ಬೆಂಗಳೂರಿನವರು.