ವಿಲಿಯಂ ಸ್ಟರ್ಜನ್ ಮಹಾಶಯರು

ಅಥಣಿ, ನಿಪ್ಪಾಣಿ, ಚಿಕ್ಕೋಡಿಗಳಲ್ಲಿ ಜೋಡು ಹೊಲಿಯುವ ಕೈಗಳಿಗೆ ವಿಜ್ಞಾನವು ಎಟುಕದೆಂದು ಬಗೆಯುವ ವಿದ್ಯಾವಂತರು ಸ್ಟರ್ಜನ್ ಮಹಾಶಯರ ಚರಿತ್ರೆಯನ್ನು ಅವಲೋಕಿಸಬೇಕೆಂದು ನಮ್ಮ ಬಿನ್ನಹ. 1783ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಇವರು ಜೋಡು ಹೊಲಿಯುವ ಕಸಬನ್ನು ಕಲಿತು, ತೋಪಖಾನೆಯ ಸಿಪಾಯಿಯಾಗಿ ದುಡಿಯುತ್ತಲೇ ಗಣಿತ, ವಿಜ್ಞಾನಗಳನ್ನು ಸ್ವಪ್ರಯತ್ನದಿಂದ ಸಂಪಾದಿಸಿದರು. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಸೈನಿಕ ವಿದ್ಯಾಲಯದಲ್ಲಿ ಉಪನ್ಯಾಸಕರಾದರು. ಲಾಳದಂತೆ ಬಾಗಿಸಿದ ಕಬ್ಬಿಣಕ್ಕೆ ವಾರ್ನಿಷು ಬಳಿದು, ತಾಮ್ರದ ತಂತಿಯನ್ನು 18 ಸುತ್ತು ಸುತ್ತಿ, ವಿದ್ಯುತ್ತು ಹರಿಸಿ 1825ರಲ್ಲಿ ಪ್ರದರ್ಶಿಸಿದರು. 7 ಔನ್ಸಿನ ಆ ಕಬ್ಬಿಣವು 9 ಪೌಂಡು ಭಾರವನ್ನೆತ್ತಿತು. ವಿದ್ಯುತ್ತು ನಿಂತೊಡನೆ ಬಿಟ್ಟುಬಿಟ್ಟಿತು. ಈ ಬಿಡುವ ಗುಣವೇ ಅದರ ಹಿರಿಮೆ. ಇಂದು ರಾಯಬಾಗ, ಕಾಗವಾಡಗಳ ಹೊಲಗಳಲ್ಲಿ ಪಂಪಿನ ಸ್ಟಾರ್ಟರಿನೊಳಗಿನ ಸುರುಳಿಯು ವಿದ್ಯುತ್ತಿರುವವರೆಗೆ ಸಂಪರ್ಕವನ್ನು ಹಿಡಿದಿದ್ದು, ಅದು ಹೋದೊಡನೆ ಕೈಬಿಟ್ಟು ಮೋಟಾರನ್ನು ಕಾಪಾಡುವುದು. ಇಷ್ಟು ಉಪಕಾರ ಮಾಡಿದ ಸ್ಟರ್ಜನ್ನರು 1850ರಲ್ಲಿ ಮ್ಯಾಂಚೆಸ್ಟರಿನ ಸಮೀಪದಲ್ಲಿ ಬಡವರಾಗಿಯೇ ತೀರಿಕೊಂಡರು.