ಕ್ಷಣದ ವೇಗವನ್ನು ಅರಸಿದ ಭಾಸ್ಕರಾಚಾರ್ಯ

ದಾಂಡೇಲಿಯಿಂದ ಕುಳಗಿಗೆ ಕಾಡಿನ ದಾರಿಯಲ್ಲಿ ಸಾಗುವ ವಾಹನವನ್ನು ಗಮನಿಸಿ. ಹೊರಟ ವೇಳೆ, ತಲುಪಿದ ವೇಳೆ ಮತ್ತು ನಡುವಣ ದೂರ ತಿಳಿದರೆ ಸರಾಸರಿ ವೇಗ ದೊರೆಯುತ್ತದೆ. ಆದರೆ ಒಂದು ತಿರುವಿನಲ್ಲಿ, ಆ ಗಳಿಗೆಯಲ್ಲಿ ಅದರ ವೇಗವೆಷ್ಟು? ಸರಾಸರಿ ಅದನ್ನು ಹೇಳಲಾರದು. ಭೌತಶಾಸ್ತ್ರದ ಈ ಮೊದಲ ತೊಡಕನ್ನು ಹನ್ನೆರಡನೆಯ ಶತಮಾನದಲ್ಲಿ ಆಕಾಶದತ್ತ ನೋಡುತ್ತ ಎದುರಿಸಿದವರು ಎರಡನೆಯ ಭಾಸ್ಕರಾಚಾರ್ಯರು.

ಅವರು ಜನಿಸಿದ್ದು ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ. ತಂದೆ ಮಹೇಶ್ವರರೇ ಗುರು. ಕುಳಗಿಯ ಕಾಡು ಹಬ್ಬಿರುವ ಇದೇ ಸಹ್ಯಾದ್ರಿಯ ಸಾಲನ್ನು ಆಶ್ರಯಿಸಿದ ವಿಜ್ಜಡವಿಡ ತಮ್ಮ ಊರೆಂದು ಅವರು ದಾಖಲಿಸಿದ್ದಾರೆ. ಅದು ವಿಜಯಪುರವೇ ಎಂಬುದು ನಮ್ಮವರ ಹಳೆಯ ವಾದ. ಖಾನದೇಶದ ಪಾಟಣೆಯ ಆಸುಪಾಸು ಎಂಬುದು ಹಲವು ವಿದ್ವಾಂಸರ ಮತ. ವಿಜಯಪುರ ಸಹ್ಯಾದ್ರಿಯಿಂದ ದೂರವಿದೆ ಎಂಬುದನ್ನು ಅಭಿಮಾನದ ಭರದಲ್ಲಿ ಮರೆಯಬಾರದು.

1150ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಅವರು ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದರು. ಅದರ ‘ಲೀಲಾವತಿ’ ಭಾಗ ಎಲ್ಲರಿಗೂ ಪರಿಚಿತ. ಜಲಘಟಿಕೆಗೆ ಮುತ್ತು ಬಿದ್ದು ಮಗಳ ಮುಹೂರ್ತ ತಪ್ಪಿದ ಕಥೆಯಂತೂ ಇನ್ನೂ ಪರಿಚಿತ. ಆದರೆ ಆ ಕಥೆ ಕಾಣುವುದು 1587ರ ಫೈಜಿಯ ಪಾರಸಿ ಅನುವಾದದಲ್ಲಿ. ನಾವು ಇದನ್ನು ಹೇಳುವ ಉತ್ಸಾಹದ ಅರ್ಧದಷ್ಟನ್ನೂ ಅವರ ಗ್ರಹಗಣಿತಕ್ಕೆ ತೋರಿಸಿಲ್ಲ.

ಇಂದಿನ ಮತ್ತು ನಾಳಿನ ಸೂರ್ಯೋದಯದಲ್ಲಿ ಗ್ರಹವಿರುವ ಸ್ಥಾನಗಳ ಅಂತರವೇ ದಿನದ ಗತಿ. ಭಾಸ್ಕರರ ಪ್ರಕಾರ ಇದು ಸ್ಥೂಲ. ನಿಧಾನವಾಗಿ ಚಲಿಸುವ ಗ್ರಹಕ್ಕೆ ಅದು ಸಾಕು, ಚಂದ್ರನಿಗೆ ಸಾಲದು. ಚಂದ್ರ ದಿನಕ್ಕೆ ಸರಾಸರಿ 13 ಅಂಶಗಳಿಗಿಂತ ತುಸು ಹೆಚ್ಚು ಸರಿಯುತ್ತಾನೆ, ಆ ಗತಿಯೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ತಿಥಿ ಮುಗಿಯುವ ವೇಳೆಯನ್ನು ಕರಾರುವಾಕ್ಕಾಗಿ ಹೇಳಬೇಕಾದರೆ ಆ ಹೊತ್ತಿನ ಗತಿಯೇ ಬೇಕು. ಇದನ್ನು ಅವರು ತಾತ್ಕಾಲಿಕ ಗತಿ ಎಂದರು. ಕೋನ ಕಿಂಚಿತ್ ಬದಲಾದಾಗ ಜ್ಯಾ ಬದಲಾಗುವ ಪ್ರಮಾಣವು ಕೋಟಿಜ್ಯಾವನ್ನು ಅನುಸರಿಸುತ್ತದೆ ಎಂಬ ನಿಯಮದಿಂದ ಅದನ್ನು ಗಣಿಸಿದರು. ಸರಾಸರಿ ಸ್ಥಾನಕ್ಕೂ ನಿಜಸ್ಥಾನಕ್ಕೂ ಅಂತರ ಗರಿಷ್ಠವಾದಲ್ಲಿ ವೇಗದ ತಿದ್ದುಪಡಿ ಶೂನ್ಯವೆಂಬುದನ್ನೂ ಕಂಡರು.

ಇದೇ ಕಲನಶಾಸ್ತ್ರವೆಂದು ಸಾರುವುದು ಅತಿಶಯೋಕ್ತಿ. ಅವರ ವಿಶ್ವದಲ್ಲಿ ಭೂಮಿ ಅಚಲ; ಈ ಬಗೆಯ ಸೂತ್ರವನ್ನು 932ರಷ್ಟು ಹಿಂದೆಯೇ ಮಂಜುಲ ನೀಡಿದ್ದ. ಆದರೂ ಸರಾಸರಿ ಮತ್ತು ಕ್ಷಣದ ವೇಗಗಳ ನಡುವಣ ಭೇದವನ್ನು ಇಷ್ಟು ಸ್ಪಷ್ಟವಾಗಿ ಕಾರಣಸಹಿತ ವಿವರಿಸಿದ ಹಿರಿಮೆ ಭಾಸ್ಕರರದು.

1183ರಲ್ಲಿ, ಅರವತ್ತೊಂಬತ್ತರ ಹೊಸ್ತಿಲಲ್ಲಿ, ಗಣಿತವನ್ನು ಸುಲಭಗೊಳಿಸಿ ‘ಕರಣಕುತೂಹಲ’ವನ್ನು ಬರೆದರು. ಮೊಮ್ಮಗ ಚಂಗದೇವ ಯಾದವ ದೊರೆ ಸಿಂಘಣನ ಆಸ್ಥಾನ ಜ್ಯೋತಿಷಿಯಾದ. ಅಜ್ಜನ ಗ್ರಂಥಗಳ ಅಧ್ಯಯನಕ್ಕೆಂದೇ ಅವನು ಸ್ಥಾಪಿಸಿದ ಮಠಕ್ಕೆ 1207ರಲ್ಲಿ ದತ್ತಿ ದೊರೆತುದನ್ನು ಪಾಟಣೆಯ ಶಾಸನ ತಿಳಿಸುತ್ತದೆ.